ಸತ್ತಾಗ ಗೇಮ್ ಏನು ಮಾಡುತ್ತದೆ? ಹಳೇ ಗೇಮ್, ಇಂಡೀ ಗೇಮ್ ಬಗ್ಗೆ ನನ್ನ ಲೆಕ್ಕಾಚಾರ

ಕೊನೇಲೈಫ್

ಹಳೇ ಗೇಮ್‌ಗಳ ಮಾತು ಬಂದರೆ ಸಾಕು, "ಆಗಿನ ಗೇಮ್ ಕಷ್ಟ ಇರ್ತಿದ್ವು, ಈಗಿನವು ಸಪ್ಪೆ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ಕಷ್ಟ ಇದ್ದದ್ದು ನಿಜ. ಆದರೆ ಯಾಕೆ ಕಷ್ಟ ಇತ್ತು ಅಂತ ನಾವು ಕೇಳುವುದೇ ಇಲ್ಲ.

ಯಾವ ಗೇಮ್ ಆದರೂ ನಾನು ಮೊದಲು ನೋಡುವುದು ಒಂದೇ. ನಾನು ಸತ್ತಾಗ ಇದು ಏನು ಮಾಡುತ್ತದೆ? ಎಲ್ಲಿಂದ ಮತ್ತೆ ಶುರು ಮಾಡಿಸುತ್ತದೆ, ಏನು ಕಿತ್ತುಕೊಳ್ಳುತ್ತದೆ, ಎಷ್ಟು ಹೊತ್ತು ಕಾಯಿಸುತ್ತದೆ? ಗ್ರಾಫಿಕ್ಸ್, ಕಥೆ ಎಲ್ಲ ಆಮೇಲೆ.

ಮೊದಲು ಮುಸ್ತಫಾ. ನಮ್ಮ ಕಡೆ ಆ ಹೆಸರಲ್ಲೇ ಎಲ್ಲರಿಗೂ ಗೊತ್ತು. ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ ಕಂಪನಿಯದು, 1993ರದ್ದು. ನಾಲ್ಕು ಜನರಲ್ಲಿ ಹಳದಿ ಟೋಪಿಯ ಮುಸ್ತಫಾ ಒಬ್ಬ, ಅಷ್ಟೇ. ಆದರೆ ವಿಡಿಯೋ ಗೇಮ್ ಪಾರ್ಲರ್‌ನಲ್ಲಿ ಅವನಿಗಾಗಿಯೇ ಜಗಳ ಆಗುತ್ತಿತ್ತು. ಅದರಲ್ಲಿ ಸತ್ತರೆ ಹಿಂದಕ್ಕೆ ಕಳಿಸುವುದಿಲ್ಲ. ಸ್ಕ್ರೀನ್ ಮೇಲೆ ಎಣಿಕೆ ಇಳಿಯುತ್ತಾ ಹೋಗುತ್ತದೆ. ಅಷ್ಟರೊಳಗೆ ಕಾಯಿನ್ ಹಾಕಿದರೆ ಬಿದ್ದ ಜಾಗದಲ್ಲೇ ಏಳುತ್ತೀರಿ. ಬಾಸ್‌ಗೆ, ಅಂದರೆ ಲೆವೆಲ್ ಕೊನೆಯ ದೊಡ್ಡ ಶತ್ರುವಿಗೆ, ಹೊಡೆದ ಏಟೂ ಹಾಗೇ ಉಳಿದಿರುತ್ತದೆ. ಅಲ್ಲಿ ಪರೀಕ್ಷೆ ನಡೆಯುತ್ತಿದ್ದದ್ದು ಕೈಗೆ ಅಲ್ಲ, ಜೇಬಿಗೆ. ಗೇಮ್ ಅದನ್ನು ಮುಚ್ಚಿಡುವುದೂ ಇಲ್ಲ, ನೇರವಾಗಿ ಕಾಸು ಕೇಳುತ್ತದೆ. ಅದಕ್ಕೇ ಅದರ ಮೇಲೆ ನನಗೆ ಸಿಟ್ಟಿಲ್ಲ.

ಕಾಂಟ್ರಾ ಬೇರೆ ಥರ. 1988ರ ನಿಂಟೆಂಡೋ ಕಾಂಟ್ರಾದಲ್ಲಿ ಮೂರು ಲೈಫ್, ಒಂದೇ ಗುಂಡಿಗೆ ಔಟ್. ಆದರೆ ನಮ್ಮಲ್ಲಿ ಅದನ್ನು ಹಾಗೆ ಆಡಿದವರು ಎಷ್ಟು ಜನ? ನಮಗೆ ಸಿಕ್ಕಿದ್ದು ನಕಲಿ ಕನ್ಸೋಲ್ (ಟಿವಿಗೆ ಹಾಕಿ ಆಡುವ ಯಂತ್ರ), ನಕಲಿ ಕ್ಯಾಸೆಟ್. ಎಷ್ಟೋ ಕ್ಯಾಸೆಟ್‌ಗಳಲ್ಲಿ 30 ಲೈಫ್ ಮೊದಲೇ ಹಾಕಿಕೊಟ್ಟಿರುತ್ತಿದ್ದರು. ಅಸಲಿ ಗೇಮ್‌ನಲ್ಲಿ ಅದಕ್ಕೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಬೇಕು. ಈ ಕೋಡ್ ಹುಟ್ಟಿದ್ದೇ ತಮಾಷೆ. ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ 1986ರಲ್ಲಿ ಗ್ರೇಡಿಯಸ್ ಗೇಮ್ ಅನ್ನು ಮನೆ ಕನ್ಸೋಲ್‌ಗೆ ತರುತ್ತಿದ್ದರು. ಪರೀಕ್ಷೆ ಮಾಡಲು ಕೂತರೆ ಅವರಿಗೇ ಆಡಲು ಆಗಲಿಲ್ಲ, ಅಷ್ಟು ಕಷ್ಟ. ತಮ್ಮ ಅನುಕೂಲಕ್ಕೆ ಕೋಡ್ ಹಾಕಿಕೊಂಡರು, ಅದು ಒಳಗೇ ಉಳಿದುಬಿಟ್ಟಿತು, ಆಮೇಲೆ ಕಾಂಟ್ರಾಗೂ ಬಂತು. ಗೇಮ್ ಮಾಡಿದವರಿಗೇ ಆಗದ ಕಷ್ಟವನ್ನು ನಾವು ಈಗ "ಆಗಿನ ಕಾಲದ ಗಟ್ಟಿತನ" ಅಂತ ಹೊಗಳುತ್ತೇವೆ!

ಇನ್ನೂ ಒಂದಿದೆ. ಕಾಂಟ್ರಾ ಹಾರ್ಡ್ ಕೋರ್, 1994. ಜಪಾನಿನಲ್ಲಿ ಬಂದ ಕ್ಯಾಸೆಟ್‌ನಲ್ಲಿ ಮೂರು ಏಟು ತಡೆದುಕೊಳ್ಳಬಹುದು. ಅಮೆರಿಕದಲ್ಲಿ ಅದೇ ಗೇಮ್, ಒಂದೇ ಏಟಿಗೆ ಸಾವು. ಅಮೆರಿಕದಲ್ಲಿ ಆಗ ಕ್ಯಾಸೆಟ್ ಬಾಡಿಗೆಗೆ ಸಿಗುತ್ತಿತ್ತು. ಶನಿವಾರ ತಂದು ಭಾನುವಾರ ಮುಗಿಸಿದರೆ ಯಾರು ಕೊಳ್ಳುತ್ತಾರೆ? ಜಪಾನಿನಲ್ಲಿ ಆ ಬಾಡಿಗೆ ವ್ಯಾಪಾರವೇ ಇರಲಿಲ್ಲ. ಅಮೆರಿಕಕ್ಕೆ ಹೋಗುವಾಗ ಹೀಗೆ ಬಿಗಿಯಾದ ಗೇಮ್‌ಗಳು ಇನ್ನೂ ಇವೆ.

ಹಾಗಾಗಿ ಇಂಡೀ ಗೇಮ್‌ಗಳಲ್ಲಿ (ದೊಡ್ಡ ಕಂಪನಿ ಇಲ್ಲದೆ ಸಣ್ಣ ತಂಡಗಳು ಮಾಡುವವು) ನನಗೆ ಇಷ್ಟ ಆಗುವುದು ಹಳೇದನ್ನು ಹಾಗೇ ನಕಲು ಮಾಡಿದವು ಅಲ್ಲ. ದೊಡ್ಡ ಪಿಕ್ಸೆಲ್, ಮೂರು ಲೈಫ್, ಗೇಮ್ ಓವರ್ ಆದರೆ ಮೊದಲ ಲೆವೆಲ್. ಯಾಕಪ್ಪ ಅಂದರೆ "ರೆಟ್ರೋ" ಅಂತಾರೆ. ಈಗ ಕಾಯಿನ್ ಇಲ್ಲ, ಬಾಡಿಗೆ ಇಲ್ಲ. ಕಾರಣ ಹೋದ ಮೇಲೂ ಶಿಕ್ಷೆ ಮಾತ್ರ ಉಳಿಸಿಕೊಂಡಿದ್ದಾರೆ.

ಶವಲ್ ನೈಟ್ (2014) ನೋಡಿ. ಮೇಲ್ನೋಟಕ್ಕೆ ಪಕ್ಕಾ 8 ಬಿಟ್, ಅಂದರೆ ಹಳೇ ನಿಂಟೆಂಡೋ ಕಾಲದ ಗೇಮ್ ಥರ. ಆದರೆ ಸ್ಕ್ರೀನ್ ಅಗಲ, ಬಣ್ಣ ಕೊಂಚ ಜಾಸ್ತಿ, ಹಳೇ ಗೇಮ್‌ಗಳಲ್ಲಿ ಶತ್ರುಗಳು ಜಾಸ್ತಿಯಾದಾಗ ಚಿತ್ರ ಮಿಣಮಿಣ ಅನ್ನುತ್ತಿತ್ತಲ್ಲ, ಅದು ಇಲ್ಲ. ಲೈಫ್ ಲೆಕ್ಕವೇ ಇಲ್ಲ. ಸತ್ತರೆ ನಿಮ್ಮ ದುಡ್ಡಿನ ಸ್ವಲ್ಪ ಭಾಗ ಚೀಲಗಳಾಗಿ ಸತ್ತ ಜಾಗದಲ್ಲಿ ತೇಲುತ್ತಿರುತ್ತದೆ, ಹೋಗಿ ತಗೊಳ್ಳಬಹುದು. ಇದಕ್ಕಿಂತ ಮಜಾ ಚೆಕ್‌ಪಾಯಿಂಟ್‌ದು (ಸತ್ತರೆ ಮತ್ತೆ ಶುರುವಾಗುವ ಜಾಗ). ಅದೊಂದು ದೀಪದ ಕಂಬ. ಅದನ್ನು ನಿಮ್ಮ ಆಯುಧವಾದ ಸಲಿಕೆಯಲ್ಲಿ ಒಡೆದರೆ ದುಡ್ಡು ಸುರಿಯುತ್ತದೆ. ಆದರೆ ಒಡೆದ ಮೇಲೆ ಆ ಚೆಕ್‌ಪಾಯಿಂಟ್ ಇಲ್ಲ. ಕಷ್ಟ ಬೇಕಾದವನು ತಾನೇ ಒಡೆದುಕೊಳ್ಳುತ್ತಾನೆ, ಬೇಡದವನು ಮುಂದೆ ಹೋಗುತ್ತಾನೆ. ಮೆನುವಿನಲ್ಲಿ ಈಸಿ, ಹಾರ್ಡ್ ಅಂತ ಕೇಳುವ ಬದಲು ಆಟದ ಒಳಗೇ ಕೇಳಿದ್ದಾರೆ.

ಸೆಲೆಸ್ಟ್ (2018) ಇದಕ್ಕೂ ಮುಂದೆ ಹೋಗುತ್ತದೆ. ಒಂದೊಂದು ಸ್ಕ್ರೀನೂ ಒಂದೊಂದು ಒಗಟು. ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಸ್ಕ್ರೀನಿನ ಶುರುವಿಗೆ ಬಂದಿರುತ್ತೀರಿ. ಎಷ್ಟು ಸಲ ಸತ್ತಿರಿ ಅಂತ ಲೆಕ್ಕ ಇಡುತ್ತದೆ, ಆದರೆ ಆ ಲೆಕ್ಕಕ್ಕೆ ನಾಚಿಕೆ ಪಡಬೇಡಿ ಅಂತ ಅದೇ ಹೇಳುತ್ತದೆ. ಅಂಚಿನಿಂದ ಕಾಲು ಜಾರಿದ ಮೇಲೂ ಒಂದು ಚೂರು ಹೊತ್ತು ಜಿಗಿಯಲು ಬಿಡುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ, ನಿಮ್ಮ ಕೈಯೇ ಚುರುಕು ಅನ್ನಿಸುತ್ತದೆ. ಇಷ್ಟಾದರೂ ಕೊನೆಯ ಅಧ್ಯಾಯಗಳು ಕಾಂಟ್ರಾಗಿಂತ ಎಷ್ಟೋ ಕಷ್ಟ.

ಹಾಲೋ ನೈಟ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಗೇಮ್ ಅದ್ಭುತ. ಆದರೆ ಬಾಸ್ ಹತ್ತಿರ ಸತ್ತರೆ ಬೆಂಚಿನಿಂದ (ಅಲ್ಲಿನ ಚೆಕ್‌ಪಾಯಿಂಟ್) ಮತ್ತೆ ಅಲ್ಲಿಗೆ ಓಡಿ ಹೋಗಬೇಕಲ್ಲ, ಅದರಲ್ಲಿ ಕಲಿಯುವುದು ಏನೂ ಇಲ್ಲ. ದಾರಿ ಬಾಯಿಪಾಠ ಆಗಿರುತ್ತದೆ. ಸುಮ್ನೆ ಟೈಮ್ ಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅದರ ಮುಂದಿನ ಭಾಗ ಸಿಲ್ಕ್‌ಸಾಂಗ್ ಬಂದಾಗ ಇದನ್ನು ಸರಿ ಮಾಡಿರುತ್ತಾರೆ ಅಂದುಕೊಂಡಿದ್ದೆ. ಮಾಡಿಲ್ಲ. ಅದರಲ್ಲಿ ಲಾಸ್ಟ್ ಜಡ್ಜ್ ಅನ್ನುವ ಬಾಸ್ ತನಕದ ಆ ದಾರಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಬೈಯುವವರು ಬೈಯಿರಿ.

ಎಂಟುಬಿಟ್

ಬೈಯುವುದಿಲ್ಲ, ಆದರೆ ಪೂರ್ತಿ ಒಪ್ಪುವುದೂ ಇಲ್ಲ ಗುರು.

ಸಾವಿಗೆ ಬೆಲೆ ಇಲ್ಲದಿದ್ದರೆ ಭಯ ಎಲ್ಲಿಂದ ಬರಬೇಕು? ಕಾಂಟ್ರಾದಲ್ಲಿ ಕೊನೇ ಲೈಫ್ ಉಳಿದಿರುವಾಗ ಕೈ ಬೆವರುತ್ತದಲ್ಲ, ಸೆಲೆಸ್ಟ್‌ನಲ್ಲಿ ಅದು ಒಮ್ಮೆಯೂ ಆಗಲ್ಲ. ಅಲ್ಲಿ ನಾನು ಯೋಚನೆಯನ್ನೇ ಮಾಡದೆ ಹತ್ತು ಸಲ ಮುಳ್ಳಿಗೆ ಹಾರುತ್ತೇನೆ. ಹನ್ನೊಂದನೇ ಸಲ ಹೇಗೋ ದಾಟುತ್ತೇನೆ. ಅದು ಕಲಿಕೆಯಾ, ಅದೃಷ್ಟವಾ?

ಗುಹೆ ಇಳಿಯುವ ಸ್ಪೆಲಂಕಿ ಗೇಮ್ ಬಗ್ಗೆ ನೀವು ಮಾತೇ ಆಡಿಲ್ಲ. ಅಲ್ಲಿ ಸತ್ತರೆ ಎಲ್ಲ ಹೋಯಿತು, ಮೊದಲಿನಿಂದ ಶುರು. ಚೆಕ್‌ಪಾಯಿಂಟ್ ಇಲ್ಲ. ನಿಮ್ಮ ಲೆಕ್ಕದ ಪ್ರಕಾರ ಅದು ಕೆಟ್ಟ ಗೇಮ್ ಆಗಬೇಕು. ಆದರೆ ಎಲ್ಲರೂ ಅದನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಯಾಕೆ?

ಕೊನೇಲೈಫ್

ಒಳ್ಳೇ ಪ್ರಶ್ನೆ. ಸ್ಪೆಲಂಕಿಯಲ್ಲಿ ಪ್ರತಿ ಸಲವೂ ಗುಹೆ ಬದಲಾಗುತ್ತದೆ. ಒಂದೊಂದು ಲೆವೆಲ್ಲೂ ನಾಲ್ಕು ಸಾಲು, ಸಾಲಿಗೆ ನಾಲ್ಕು ಕೋಣೆ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯಲು ಒಂದು ದಾರಿ ಖಂಡಿತ ಇರುವಂತೆ ಮೊದಲು ಜೋಡಿಸುತ್ತದೆ, ಉಳಿದದ್ದನ್ನು ಆಮೇಲೆ ತುಂಬುತ್ತದೆ. ಹಾಗಾಗಿ ಮೊದಲಿನಿಂದ ಶುರು ಅಂದರೂ ಅದೇ ದಾರಿ ಮತ್ತೆ ತುಳಿಯುವುದಲ್ಲ. ಬಾಯಿಪಾಠಕ್ಕೆ ಅಲ್ಲಿ ಜಾಗವೇ ಇಲ್ಲ. ಬಾಣ ಹೊಡೆಯುವ ಗೋಡೆ ಹೇಗೆ ಕೆಲಸ ಮಾಡುತ್ತದೆ, ಅಂಗಡಿಯವನನ್ನು ಕೆಣಕಿದರೆ ಏನಾಗುತ್ತದೆ, ಇದೆಲ್ಲ ನಿಮ್ಮ ತಲೆಯಲ್ಲಿ ಉಳಿಯುತ್ತದೆ. ಅದನ್ನು ಯಾರೂ ಕಿತ್ತುಕೊಳ್ಳಲ್ಲ. ನನ್ನ ತಕರಾರು ಶಿಕ್ಷೆಯ ಮೇಲಲ್ಲ, ಬೋರ್ ಹೊಡೆಸುವ ಶಿಕ್ಷೆಯ ಮೇಲೆ.

ಭಯದ ವಿಷಯ: ಸೆಲೆಸ್ಟ್‌ನಲ್ಲಿ ಬಂಗಾರದ ಸ್ಟ್ರಾಬೆರಿ ಹಿಡಿದು ನೋಡಿ. ಪೂರ್ತಿ ಅಧ್ಯಾಯ ಒಮ್ಮೆಯೂ ಸಾಯದೆ ಮುಗಿಸಬೇಕು. ಸತ್ತರೆ ಅಧ್ಯಾಯದ ಮೊದಲಿಗೆ. ಕೈ ಬೆವರದಿದ್ದರೆ ಬಂದು ಹೇಳಿ.

ಡಾಸ್‌ಕಾಲದವ

ಪ್ರಿನ್ಸ್ ಆಫ್ ಪರ್ಷಿಯಾ ಬಿಟ್ಟು ಸಾವಿನ ಮಾತು ಆಡುತ್ತಿದ್ದೀರಲ್ಲ, ಇದೆಂಥ ಅನ್ಯಾಯ!

ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಆಡಿದವರಿಗೆ ಗೊತ್ತು. ಅಲ್ಲಿ ಲೈಫ್‌ಗೆ ಲೆಕ್ಕ ಇಲ್ಲ. ಎಷ್ಟು ಸಲ ಬೇಕಾದರೂ ಸಾಯಿ. ಆದರೆ ಇರುವುದು 60 ನಿಮಿಷ. ಸತ್ತರೆ ಲೆವೆಲ್ ಮೊದಲಿನಿಂದ, ಗಡಿಯಾರ ಮಾತ್ರ ನಿಲ್ಲಲ್ಲ. ಸಾವಿನ ಬೆಲೆಯನ್ನು ನಿಮಿಷದಲ್ಲಿ ಕಟ್ಟಬೇಕು. 1989ರಲ್ಲಿ ಜಾರ್ಡನ್ ಮೆಕ್ನರ್ ಇದನ್ನು ಆಪಲ್ 2 ಕಂಪ್ಯೂಟರ್‌ಗೆ ಮಾಡಿದ್ದು. ತಮ್ಮನನ್ನು ಓಡಿಸಿ, ಜಿಗಿಸಿ ವಿಡಿಯೋ ತೆಗೆದು, ಅದರ ಒಂದೊಂದು ಚಿತ್ರವನ್ನೂ ನೋಡಿ ಬರೆದಿದ್ದರು. ಅದಕ್ಕೇ ಪ್ರಿನ್ಸ್ ಓಡುತ್ತಾ ನಿಂತರೆ ನಿಜವಾದ ಮನುಷ್ಯ ನಿಂತ ಹಾಗೆ ಎರಡು ಹೆಜ್ಜೆ ಮುಂದೆ ಹೋಗೇ ನಿಲ್ಲುತ್ತಾನೆ. ಆ ಎರಡು ಹೆಜ್ಜೆಯಲ್ಲೇ ಎಷ್ಟು ಸಲ ಮೊಳೆಗಳ ಮೇಲೆ ಬಿದ್ದಿದ್ದೇವೋ.

ಕನ್ನಡಿ ನೆನಪಿದೆಯಾ? ನಾಲ್ಕನೇ ಲೆವೆಲ್‌ನಲ್ಲಿ ಓಡಿ ಬಂದು ಕನ್ನಡಿ ಒಳಗೆ ಹಾರುತ್ತೀರಿ, ಆ ಕಡೆಯಿಂದ ನಿಮ್ಮ ನೆರಳು ಹೊರಗೆ ಓಡಿಹೋಗುತ್ತದೆ. ಆಮೇಲೆ ಅವನು ನಿಮ್ಮ ಔಷಧಿ ಕುಡಿಯುತ್ತಾನೆ, ಗೇಟು ಮುಚ್ಚುತ್ತಾನೆ. ಈ ನೆರಳು ಬಂದದ್ದು ಮೆಮೊರಿ ಸಾಲದೆ. ಹೊಸ ಶತ್ರುವಿನ ಚಿತ್ರ ಇಡಲು ಜಾಗ ಇರಲಿಲ್ಲ. ಇದ್ದ ಪ್ರಿನ್ಸ್ ಚಿತ್ರವನ್ನೇ ಒಂದು ಚೂರು ಸರಿಸಿ, ಅದರ ಮೇಲೇ ಕೂರಿಸಿ, ಒಂದಕ್ಕೊಂದು ಹೊಂದುವ ಕಡೆ ಅಳಿಸಿದರು. ಮಿನುಗುವ ಗೆರೆಗಳಷ್ಟೇ ಉಳಿಯಿತು. ಹಾಗೆ ಹುಟ್ಟಿದ ನೆರಳು ಇಡೀ ಗೇಮ್‌ನ ಜೀವ ಆಯಿತು.

ಕೊನೆಗೆ ಅವನು ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತಾನೆ. ನೀವು ಹೊಡೆದರೆ ನಿಮ್ಮದೇ ಲೈಫ್ ಇಳಿಯುತ್ತದೆ. ಕೊಂದರೆ ನೀವೂ ಸಾಯುತ್ತೀರಿ. ಕತ್ತಿ ಒಳಗೆ ಇಟ್ಟು ಅವನ ಕಡೆ ನಡೆದು ಹೋದರೆ ಮಾತ್ರ ಇಬ್ಬರೂ ಒಂದಾಗುತ್ತೀರಿ. ಇದನ್ನು ಗೇಮ್ ಎಲ್ಲೂ ಹೇಳಿಕೊಡಲ್ಲ. ನಮ್ಮ ಲ್ಯಾಬ್‌ನಲ್ಲಿ ಯಾರೋ ಸೀನಿಯರ್ ಹೇಳಿದ್ದು, ಅವನಿಗೆ ಯಾರು ಹೇಳಿದ್ದರೋ.

ಕೊನೇಲೈಫ್

ಇದನ್ನು ಓದಿ ಒಂದು ಹೊಳೆಯಿತು. ಹಾಲೋ ನೈಟ್‌ನಲ್ಲೂ ಸತ್ತರೆ ಆ ಜಾಗದಲ್ಲಿ ನಿಮ್ಮ ನೆರಳು ನಿಂತಿರುತ್ತದೆ, ನಿಮ್ಮ ದುಡ್ಡು ಅದರ ಹತ್ತಿರ. ಅಲ್ಲಿ ಮಾತ್ರ ಹೊಡೆದೇ ತಗೊಳ್ಳಬೇಕು. ಅದನ್ನು ಹೊಡೆಯುವ ಮೊದಲು ಇನ್ನೊಮ್ಮೆ ಸತ್ತರೆ ದುಡ್ಡು ಪೂರ್ತಿ ಹೋಯಿತು. ಪ್ರಿನ್ಸ್‌ನ ಉಪಾಯ ಮನಸ್ಸಿಗೆ ಹತ್ತಿರ, ನಿಜ ಹೇಳಬೇಕೆಂದರೆ.

ಧಾರವಾಡದಾಂವ

ಹಾಲೋ ನೈಟ್ ಬೈಯೋರಿಗೆ ಒಂದು ಮಾತು ಹೇಳ್ತೀನಿ ನೋಡ್ರಿ. ಆ ಗೇಮ್‌ನ ಡರ್ಟ್‌ಮೌತ್ ಊರಿನಲ್ಲಿ ಜಿಜಿ ಅಂತ ಒಬ್ಬಳಿದ್ದಾಳೆ. ಕೊಳೆತ ಮೊಟ್ಟೆ ಒಂದು ಕೊಟ್ಟರೆ ನಿಮ್ಮ ನೆರಳನ್ನು ಅಲ್ಲಿಗೇ ಕರೆಸಿಕೊಡುತ್ತಾಳೆ. ದಾರಿ ಓಡುವುದೇ ಬೇಡ. ಅರ್ಧ ಜನ ಆ ಮೊಟ್ಟೆಗಳನ್ನು ಗೇಮ್ ಮುಗಿಯುವ ತನಕ ಜೋಪಾನ ಮಾಡಿ ಇಟ್ಟುಕೊಂಡು, ದುಡ್ಡು ಹೋಯಿತು ಅಂತ ಅಳುತ್ತಾರೆ.

ಸಿಲ್ಕ್‌ಸಾಂಗ್‌ನಲ್ಲಿ ದುಡ್ಡು ಅಂದರೆ ಮಣಿಗಳು. ಬಿಡಿ ಮಣಿ ಇಟ್ಟುಕೊಂಡರೆ ಸತ್ತಾಗ ಹೋಗುತ್ತದೆ. ಸರ ಮಾಡಿಸಿಕೊಂಡರೆ ಹೋಗಲ್ಲ, ಸ್ವಲ್ಪ ಮಣಿ ಕೂಲಿಗೆ ಹೋಗುತ್ತದೆ ಅಷ್ಟೇ. ಅಂದರೆ ಗೇಮ್ ಉಪಾಯ ಕೊಟ್ಟಿದೆ, ನಾವು ಬಳಸಲ್ಲ. ಮತ್ತೆ ಬಾಸ್ ದಾರಿಯ ಓಟ. ಆ ಓಟದಲ್ಲಿ ಸಿಟ್ಟು ಇಳಿಯುತ್ತದೆ ಸಾಹೇಬರೇ. ಸತ್ತ ಕೂಡಲೇ ಬಾಸ್ ಮುಂದೆ ನಿಲ್ಲಿಸಿದರೆ ಅದೇ ಸಿಟ್ಟಿನಲ್ಲಿ ಹೋಗಿ ಮತ್ತೆ ಸಾಯುತ್ತೀವಿ.

ಲಾಸ್ಟ್ ಜಡ್ಜ್ ಮಾತ್ರ... ಸರಿ, ಅದಕ್ಕೆ ನಾನೂ ಬೈದಿದ್ದೇನೆ. ಗೆದ್ದೆ ಅಂತ ಕೈ ಬಿಟ್ಟು ಕೂತರೆ ಸಾಯುವಾಗ ಅದು ಸಿಡಿದು ನಮ್ಮನ್ನೂ ಕೊಲ್ಲುತ್ತದಲ್ಲ!

ಎಂಟುಬಿಟ್

ಸ್ಪಾಯ್ಲರ್!! ನಾನು ಇನ್ನೂ ಅಲ್ಲಿಗೆ ಹೋಗಿಲ್ಲ ಮಾರಾಯ್ರೇ.

ಧಾರವಾಡದಾಂವ

ಜೀವ ಉಳಿಸಿದ್ದೀನಿ, ಥ್ಯಾಂಕ್ಸ್ ಹೇಳ್ರಿ.

ರಾತ್ರಿಪಾಳಿ

ನೀವೆಲ್ಲ ಕೂತು ಆಡುವವರು. ನನಗೆ ಸಿಗುವುದು ಕ್ಯಾಬ್‌ನಲ್ಲಿ ಹೋಗುವಾಗ ಬರುವಾಗ. ಮನೆಯಲ್ಲಿ ಮಗು ಮಲಗಿದ ಮೇಲೆ ಸ್ವಲ್ಪ. ಅಷ್ಟರಲ್ಲಿ ಸತ್ತು, ಓಡಿ, ಮತ್ತೆ ಸತ್ತರೆ ಆ ದಿನದ ಆಟ ಮುಗಿಯಿತು. ನನ್ನ ಓಟು ಡೌನ್‌ವೆಲ್‌ಗೆ. 2015ರದ್ದು, ಫೋನ್‌ನಲ್ಲೇ ಚೆನ್ನಾಗಿದೆ. ಬಾವಿಯೊಳಗೆ ಬೀಳುತ್ತಾ ಹೋಗುವುದು, ಕಾಲಿನ ಬೂಟೇ ಬಂದೂಕು. ಎಡ, ಬಲ, ಹಾರು, ಅಷ್ಟೇ. ನೆಲಕ್ಕೆ ಕಾಲು ತಾಗಿದರೆ ಗುಂಡು ತುಂಬುತ್ತದೆ, ಆದರೆ ಕಾಂಬೋ (ನೆಲ ಮುಟ್ಟದೆ ಸತತವಾಗಿ ಹೊಡೆದ ಶತ್ರುಗಳ ಲೆಕ್ಕ) ಮುರಿಯುತ್ತದೆ. ಈ ಒಂದು ಎಳೆದಾಟದಲ್ಲೇ ಇಡೀ ಗೇಮ್ ಇದೆ. ಸತ್ತರೆ ಮೊದಲಿನಿಂದ, ಆದರೆ ಒಂದು ಆಟವೇ ಕೆಲವು ನಿಮಿಷ. ಬೇಜಾರಾಗಲ್ಲ.

ಬೇಸಾಯ ಮಾಡುವ ಗೇಮ್ ಸ್ಟಾರ್‌ಡ್ಯೂ ವ್ಯಾಲಿ ನನ್ನ ಹೆಂಡತಿಯದು. ಒಬ್ಬನೇ ಮನುಷ್ಯ, ಎರಿಕ್ ಬರೋನ್, ನಾಲ್ಕು ವರ್ಷಕ್ಕೂ ಮೇಲೆ ಕೂತು ಮಾಡಿ 2016ರಲ್ಲಿ ಬಿಟ್ಟದ್ದು. ಅವಳಿಗೆ ಗಣಿಯಲ್ಲಿ ಸತ್ತರೆ ತಲೆಬಿಸಿ ಇಲ್ಲ, ಯಾರೋ ಎತ್ತಿಕೊಂಡು ಬಂದು ಎಬ್ಬಿಸುತ್ತಾರೆ, ಸ್ವಲ್ಪ ದುಡ್ಡು, ಒಂದೆರಡು ಸಾಮಾನು ಹೋಗಿರುತ್ತದೆ. ಅವಳ ಭಯ ರಾತ್ರಿ ಎರಡು ಗಂಟೆ. ಅಷ್ಟರೊಳಗೆ ಮನೆ ಸೇರಿ ಮಲಗದಿದ್ದರೆ ಇದ್ದಲ್ಲೇ ಬಿದ್ದುಬಿಡುತ್ತೀವಿ. "ಇನ್ನೊಂದು ದಿನ ಆಡಿ ಮಲಗ್ತೀನಿ" ಅಂತ ಅವಳೇ ನಿಜವಾಗಿ ಎರಡು ಗಂಟೆ ಮಾಡುತ್ತಾಳೆ.

ಸಾಯದೇ ಇರುವ ಗೇಮ್ ಬೇಕಾದರೆ ವೆನ್ಬಾ (2023) ಆಡಿ. ಕೆನಡಾಕ್ಕೆ ಹೋದ ತಮಿಳು ಕುಟುಂಬ, ಅಮ್ಮನ ಹಳೇ ಅಡುಗೆ ಪುಸ್ತಕ ಹಾಳಾಗಿದೆ, ಊಹೆ ಮಾಡಿ ಅಡುಗೆ ಮಾಡಬೇಕು. ಮೊದಲು ಬರುವುದೇ ಇಡ್ಲಿ. ನಮಗೆಲ್ಲ ಅದು ಒಗಟೇ ಅಲ್ಲ ಬಿಡಿ. ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ.

ಹಳೇಡಬ್ಬಾಟಿವಿ

ಒಂದು ತಾಂತ್ರಿಕ ವಿಷಯ ಸೇರಿಸುತ್ತೇನೆ. ಹಳೇ ಗೇಮ್ ಈಗ ಆಡಿದರೆ ಆಗಿಗಿಂತ ಕಷ್ಟ ಅನ್ನಿಸುತ್ತದೆ ಅನ್ನುವವರಿಗೆ. ವಯಸ್ಸಾಯಿತು ಅಂತ ಕೊರಗಬೇಡಿ, ಟಿವಿಯನ್ನೂ ಒಮ್ಮೆ ನೋಡಿ.

ಡಬ್ಬಾ ಟಿವಿಯಲ್ಲಿ ಕನ್ಸೋಲ್ ಕಳಿಸಿದ ಚಿತ್ರದ ಒಂದೊಂದು ಗೆರೆಯೂ ಆಗಿಂದಾಗಲೇ ಪರದೆ ಮೇಲೆ ಬೀಳುತ್ತಿತ್ತು. ಈಗಿನ ಎಲ್‌ಇಡಿ ಟಿವಿ ಚಿತ್ರವನ್ನು ಮೊದಲು ಹಿಡಿದಿಟ್ಟು, ಹಿಗ್ಗಿಸಿ, ನುಣುಪು ಮಾಡಿ ಆಮೇಲೆ ತೋರಿಸುತ್ತದೆ. ನೀವು ಬಟನ್ ಒತ್ತಿದ್ದಕ್ಕೂ ಮಾರಿಯೋ ಜಿಗಿದದ್ದಕ್ಕೂ ನಡುವೆ ಚೂರು ಅಂತರ. ಮಾರಿಯೋದಲ್ಲಿ ಆ ಚೂರೇ ಹಳ್ಳಕ್ಕೆ ಬೀಳಿಸುವುದು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ರೆಟ್ರೋಆರ್ಕ್ (ಹಳೇ ಗೇಮ್‌ಗಳನ್ನು ಈಗಿನ ಕಂಪ್ಯೂಟರ್, ಫೋನ್‌ನಲ್ಲಿ ಆಡಿಸುವ ಎಮ್ಯುಲೇಟರ್ ಸಾಫ್ಟ್‌ವೇರ್) ಬಳಸುವವರು ರನ್ ಅಹೆಡ್ ಅನ್ನುವ ಆಯ್ಕೆ ನೋಡಿ, ಅದು ಆ ಅಂತರವನ್ನು ಇನ್ನೂ ಸ್ವಲ್ಪ ಇಳಿಸುತ್ತದೆ.

ಡಕ್ ಹಂಟ್ ಗೇಮ್‌ನಲ್ಲಿ ಬಾತುಕೋಳಿ ಹೊಡೆಯುವ ಬಂದೂಕಂತೂ ಎಲ್‌ಇಡಿಯಲ್ಲಿ ಕೆಲಸವೇ ಮಾಡಲ್ಲ. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಬಂದೂಕಿನ ಮೂತಿಯಲ್ಲಿರುವ ಕಣ್ಣಿಗೆ ಆ ಬೆಳಕು ಸರಿಯಾದ ಗಳಿಗೆಯಲ್ಲಿ ಕಂಡರೆ ಏಟು ಬಿತ್ತು ಅಂತ ಲೆಕ್ಕ. ಎಲ್‌ಇಡಿಯಲ್ಲಿ ಆ ಬೆಳಕು ತಡವಾಗಿ ಬರುತ್ತದೆ. ಗುರಿ ತಪ್ಪಿದಾಗ ನಗುವ ಆ ಗೇಮ್‌ನ ನಾಯಿ ನಗುತ್ತಲೇ ಇರುತ್ತದೆ.

ಎಂಟುಬಿಟ್

ಎಮ್ಯುಲೇಟರ್‌ನಲ್ಲಿ ಹೆಜ್ಜೆಗೊಮ್ಮೆ ಸೇವ್ ಮಾಡಿ ಆಡಿ "ಮುಗಿಸಿದೆ" ಅನ್ನುವವರ ಬಗ್ಗೆ ಏನು ಹೇಳುತ್ತೀರಿ?

ಕೊನೇಲೈಫ್

ಏನೂ ಹೇಳಲ್ಲ. ನಾವು 30 ಲೈಫ್ ಕಾಂಟ್ರಾ ಮುಗಿಸಿ ಓಣಿಯಲ್ಲೆಲ್ಲ ಮೆರೆದವರು, ಮಾತಾಡಲು ಬಾಯಿ ಎಲ್ಲಿದೆ? ಲೆವೆಲ್ ಶುರುವಿನಲ್ಲಿ ಒಂದು ಸೇವ್ ನನಗೆ ಸರಿ ಅನ್ನಿಸುತ್ತದೆ. ಪ್ರತಿ ಜಿಗಿತಕ್ಕೂ ಸೇವ್ ಮಾಡಿದರೆ ಆಟ ಮುಗಿಯುತ್ತದೆ, ಆಡಿದ ಹಾಗೆ ಆಗಲ್ಲ.

ಯಾರೂ ಹೇಳದ ಎರಡು ಗೇಮ್ ನಾನೇ ಹೇಳಿಬಿಡುತ್ತೇನೆ. ಒಂದು ಯುಎಫ್‌ಒ 50, 2024ರದ್ದು. ಸ್ಪೆಲಂಕಿಯ ಡೆರೆಕ್ ಯು, ಡೌನ್‌ವೆಲ್ ಮಾಡಿದವರು, ಇನ್ನೂ ಕೆಲವರು ಸೇರಿ ಮಾಡಿದ್ದು. 80ರ ದಶಕದಲ್ಲಿ ಒಂದು ಕಂಪನಿ ಇತ್ತು ಅಂತ ಕಲ್ಪನೆ ಮಾಡಿಕೊಂಡು, ಅದು ಬಿಟ್ಟ 50 ಗೇಮ್‌ಗಳನ್ನು ನಿಜವಾಗಿಯೂ ಮಾಡಿ ಕೊಟ್ಟಿದ್ದಾರೆ. ಎಲ್ಲದಕ್ಕೂ ಅದೇ 32 ಬಣ್ಣ. ಮೊದಲನೇದು ಬಾರ್ಬುಟಾ. ನಡಿಗೆ ನಿಧಾನ, ಮ್ಯೂಸಿಕ್ ಇಲ್ಲ, ಏನು ಮಾಡಬೇಕು ಅಂತ ಹೇಳುವುದೂ ಇಲ್ಲ. ಬಹಳ ಜನ ಅಲ್ಲೇ ಮುಚ್ಚಿಟ್ಟು ಹೋಗುತ್ತಾರೆ. ಹೋಗಬೇಡಿ. ಅದನ್ನು ದಾಟಿ ಮೋರ್ಟಲ್ ಅಂತ ಒಂದಿದೆ, ಅದು ಆಡಿ.

ಮೋರ್ಟಲ್‌ನಲ್ಲಿ 20 ಲೈಫ್ ಕೊಡುತ್ತಾರೆ, ಅವು ಖರ್ಚು ಮಾಡಲಿಕ್ಕೇ ಇರುವುದು. ಎದುರಿಗೆ ಎತ್ತರದ ಗೋಡೆ ಇದೆ ಅಂದುಕೊಳ್ಳಿ. ಒಬ್ಬನನ್ನು ಬಾಣ ಮಾಡಿ ಗೋಡೆಗೆ ನೆಡುತ್ತೀರಿ, ಮುಂದಿನವನು ಅವನ ಮೇಲೆ ಕಾಲಿಟ್ಟು ಹತ್ತುತ್ತಾನೆ. ಇನ್ನೊಬ್ಬ ಕಲ್ಲಾಗಿ ಮೆಟ್ಟಿಲಾಗುತ್ತಾನೆ. ಮತ್ತೊಬ್ಬ ಸಿಡಿದು ದಾರಿ ಬಿಡಿಸುತ್ತಾನೆ. ಉಳಿದ ಲೈಫ್ ಮುಂದಿನ ಲೆವೆಲ್‌ಗೆ. 1985ರಲ್ಲಿ ಲೈಫ್ ಅನ್ನುವುದು ಕಳಕೊಳ್ಳುವ ವಸ್ತು ಆಗಿತ್ತು, ಇಲ್ಲಿ ಅದು ಕೈಯಲ್ಲಿರುವ ಸಾಮಾನು. ಇಂಥದ್ದನ್ನು ಹಳೇ ಕಾಲದಲ್ಲೂ ಮಾಡಬಹುದಿತ್ತು, ಯಂತ್ರ ಅಡ್ಡ ಬರುತ್ತಿರಲಿಲ್ಲ.

ಎರಡನೇದು ರಿಟರ್ನ್ ಆಫ್ ದಿ ಓಬ್ರಾ ಡಿನ್, 2018. ಲೂಕಸ್ ಪೋಪ್ ಮಾಡಿದ್ದು. ಇಲ್ಲಿ ನೀವು ಸಾಯುವ ಪ್ರಶ್ನೆಯೇ ಇಲ್ಲ, ಸಾಯಬೇಕಾದವರು ಮೊದಲೇ ಸತ್ತಿದ್ದಾರೆ. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಖಾಲಿಯಾಗಿ ತೇಲಿ ಬರುತ್ತದೆ. ಅದರಲ್ಲಿದ್ದ 60 ಜನ ಯಾರು, ಏನಾದರು ಅಂತ ನೀವು ಬರೆಯಬೇಕು. ಹೆಣದ ಹತ್ತಿರ ಗಡಿಯಾರ ತೆಗೆದರೆ ಅವನು ಸತ್ತ ಗಳಿಗೆ ನಿಂತ ಚಿತ್ರವಾಗಿ ಕಾಣುತ್ತದೆ. ಬಣ್ಣ ಎರಡೇ. ಮೂರು ಜನರ ವಿವರ ಸರಿಯಾದಾಗ ಮಾತ್ರ ಸರಿ ಅನ್ನುತ್ತದೆ, ಹಾಗಾಗಿ ಸುಮ್ನೆ ಊಹೆ ಹೊಡೆದು ಗೆಲ್ಲಲು ಆಗಲ್ಲ. ಹಡಗಿನಲ್ಲಿ ಭಾರತದ ನಾವಿಕರೂ ಇದ್ದಾರೆ. ಮಾತು, ಬಟ್ಟೆ, ಮಲಗುವ ಜೋಲಿಯ ನಂಬರು, ಯಾರು ಯಾರ ಪಕ್ಕ ನಿಂತಿದ್ದಾರೆ, ಇಂಥ ಗುರುತಿನಿಂದಲೇ ಹೆಸರು ಹುಡುಕಬೇಕು. ಒಮ್ಮೆ ಆಡಿದ ಮೇಲೆ ಮತ್ತೆ ಆಡಲು ಆಗಲ್ಲ, ಉತ್ತರ ಗೊತ್ತಿರುತ್ತದೆ. ಅದೊಂದೇ ನಷ್ಟ.

ರಾತ್ರಿಪಾಳಿ

ಶವಲ್ ನೈಟ್ ಈ ವಾರ ತಗೊಳ್ಳೋಣ ಅಂತಿದ್ದೇನೆ. ಆ ದೀಪದ ಕಂಬ ಒಡೆಯಬೇಕಾ ಬೇಡವಾ? ಹೊಸಬನಿಗೆ ಹೇಳಿ.

ಧಾರವಾಡದಾಂವ

ಲೆವೆಲ್ ಶುರುವಿನವು ಒಡೀರಿ. ಬಾಸ್ ಹತ್ತಿರದ್ದು ಮುಟ್ಟಬೇಡಿ. ದುಡ್ಡು ಕೂಡಿದ ಕೂಡಲೇ ಊರಿಗೆ ಹೋಗಿ ಹೆಲ್ತ್ ಜಾಸ್ತಿ ಮಾಡಿಸಿಕೊಳ್ಳಿ, ಕೈಯಲ್ಲಿ ಇಟ್ಟುಕೊಂಡು ತಿರುಗಬೇಡಿ.

ಕೊನೇಲೈಫ್

ಸಲಿಕೆ ಕೆಳಗೆ ಮಾಡಿ ಶತ್ರುಗಳ ತಲೆ ಮೇಲೆ ಪುಟಿಯುವುದನ್ನು ಮೊದಲ ಲೆವೆಲ್‌ನಲ್ಲೇ ಚೆನ್ನಾಗಿ ರೂಢಿ ಮಾಡಿಕೊಳ್ಳಿ. ಆಮೇಲೆ ಎಲ್ಲ ಅದರ ಮೇಲೇ ನಡೆಯುವುದು. ಕ್ಯಾಬ್‌ನಲ್ಲಿ ಆಡಬೇಡಿ, ಹಂಪ್ ಬಂದರೆ ಹಳ್ಳಕ್ಕೆ.